ಜಲಾಲುದ್ದೀನ ಕೈ ಬದಲಿಸದ ದಿನ

ಇಳಕಲ್ಲಿನ ಜಲಾಲುದ್ದೀನನ ಸುದ್ದಿ ಬಂದರೆ ಈಗ ಎಲ್ಲರೂ "ಪಾಪ" ಎಂದೇ ಶುರು ಮಾಡುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನಲವತ್ತು ವರ್ಷ ಅವನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿಕೊಂಡು, ಅವನು ಯಾವಾಗ ತಿರುಗಿ ನೋಡುತ್ತಾನೋ ಎಂದು ಕಾದವರೇ ಇವರೆಲ್ಲ. ಅವನು ತಪ್ಪು ಮಾಡಿದ್ದು ಹೌದು. ಆದರೆ ಆ ತಪ್ಪು ಹೇಗಾಯಿತು, ಅದರಲ್ಲಿ ಇನ್ನೂ ಯಾರ ಪಾಲಿತ್ತು ಎನ್ನುವುದು ಇವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ನಾನು ಮಹಾದೇವಿ. ಗುಡೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ನನ್ನ ಬಾಯಿ ಒಳ್ಳೆಯದಲ್ಲ ಎಂದು ಊರವರು ಹೇಳುತ್ತಾರೆ, ಅದೇನೂ ಸುಳ್ಳಲ್ಲ. ಜೋಳದಲ್ಲಿ ಹರಳು ಸಿಕ್ಕರೆ ಯಾರ ಮನೆಯ ಜೋಳವೆಂದು ನೋಡದೆ, ಪಾಳಿಯಲ್ಲಿ ನಿಂತವರ ಎದುರಿಗೇ ಅಂದುಬಿಡುತ್ತೇನೆ. ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಟ್ಟುಕೊಳ್ಳುವುದು ನನಗೆ ಬರುವುದಿಲ್ಲ ಎಂದು ಐವತ್ತೇಳು ವರ್ಷ ನಂಬಿಕೊಂಡಿದ್ದೆ.

ನಮ್ಮ ಮನೆಯವರ ಹೆಸರು ಕಾಳಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು ಎನ್ನುತ್ತಿದ್ದರು ಅತ್ತೆ. ಬರೆಯಲು ಕೂತವಳಿಗೆ ಆ ನೇಮ ನಡೆಯುವುದಿಲ್ಲ. ನಮ್ಮದು ಬೀರಪ್ಪನಿಗೆ ನಡೆದುಕೊಳ್ಳುವ ಕುರಿಯ ಮನೆತನ. ಮಾವ ಮಾಳಿಂಗರಾಯ ಯಾವುದೋ ಕಾಲದಲ್ಲಿ ಒಬ್ಬ ಖಣಿ ಮಾಲಕನಿಂದ ಹಳೆಯ ಫಿಯೆಟ್ ಕಾರು ಕೊಂಡು ತಂದಾಗ ಊರೆಲ್ಲ ನಕ್ಕಿತ್ತಂತೆ. ಕುರಿಯವನಿಗೆ ಕಾರು ಯಾಕೆ ಎಂದು ಕೇಳಿದವರಿಗೆ ಮಾವ, ಮರಿ ಹಾಕಿದ ಕುರಿಯನ್ನು ನಡೆಸಿಕೊಂಡು ಬರಬೇಕೇನು ಎಂದು ತಿರುಗಿ ಕೇಳಿದ್ದರು. ಹಿಂದಿನ ಸೀಟಿನಲ್ಲಿ ಕುರಿ, ಮರಿ, ಉಣ್ಣೆಯ ಮೂಟೆ ಎಲ್ಲ ಸವಾರಿ ಮಾಡಿವೆ. ಬಾನೆಟ್ಟಿನ ಮೇಲೆ ಬಳಿದ ಬೀರಪ್ಪನ ಭಂಡಾರದ ಅರಿಶಿನ ಬಿಸಿಲಿಗೆ ಒಣಗಿ ಬಣ್ಣದಲ್ಲೇ ಸೇರಿಹೋಗಿದೆ. ಸಣ್ಣ ಕಾರು, ಮೋಟು ಕಾರು. ಮಾವ ಹೋದ ಮೇಲೆ ನಾನು ಅದನ್ನು ಓಡಿಸಲು ಕಲಿತೆ, ಏಕೆಂದರೆ ನಮ್ಮವರಿಗೆ ಕ್ಲಚ್ಚು ಬ್ರೇಕು ಎರಡೂ ಒಂದೇ.

ಹೋದ ವರ್ಷ ಉಗಾದಿಯಾದ ಮೇಲೆ ಅಮೀನಗಡದ ಸಂತೆಯಲ್ಲಿ ನಮ್ಮವರು ಕುರಿ ತುಂಬಿದ ಲಾರಿಯ ಮೇಲಿನಿಂದ ಬಿದ್ದರು. ಬೆನ್ನುಹುರಿಯ ಪಕ್ಕದ ಎಲುಬು ಮುರಿದಿತ್ತು. ಬಾಗಲಕೋಟೆಯ ನವನಗರದಲ್ಲಿ ಆಪರೇಷನ್ ಆಯಿತು. ಎಲುಬಿಗೆ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ತಿಂಗಳು ತುಂಬುವುದರೊಳಗೆ ಅವರು ಗೋಡೆ ಹಿಡಿದು ಬಚ್ಚಲಿನ ತನಕ ನಡೆಯತೊಡಗಿದರು. ಅದನ್ನು ನೋಡಿ ನಾನು ಅಡುಗೆಮನೆಯಲ್ಲಿ ಕೂತು ಖುಷಿಗೆ ಅತ್ತುಬಿಟ್ಟೆ. ಡಾಕ್ಟರು ಮಾತ್ರ ಹಿಗ್ಗಲಿಲ್ಲ. ಎಲುಬು ಕೂಡಿಕೊಳ್ಳುವ ತನಕ, ಅಂದರೆ ಇನ್ನೂ ಮೂರು ತಿಂಗಳು, ಬೆನ್ನಿಗೆ ಪೆಟ್ಟು ಬೀಳಬಾರದು, ಒಂದು ಜೋರಾದ ಜರ್ಕ್ ಬಿದ್ದರೂ ಸಾಕು, ಕಾಲು ಎರಡೂ ಹೋಗುತ್ತವೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ತಿಂಗಳಿಗೊಮ್ಮೆ ಕರೆದುಕೊಂಡು ಬಂದು ತೋರಿಸಬೇಕು ಎಂದೂ ಅವರೇ ಹೇಳಿದರು.

ಮೊದಲ ಸಲ ಬಾಡಿಗೆ ಕಾರಿನಲ್ಲಿ ಹೋದೆವು. ಈಗಿನ ಕಾರುಗಳ ಸೀಟು ನೆಲಕ್ಕೆ ಹತ್ತಿಕೊಂಡಿರುತ್ತವೆ. ಆರಡಿ ಎತ್ತರದ ಮನುಷ್ಯ ಬೆನ್ನು ಬಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಇಳಿಯುವಾಗ ನಮ್ಮವರ ಕಣ್ಣಲ್ಲಿ ನೀರು ಬಂತು. ನಮ್ಮ ಫಿಯೆಟ್ಟಿನ ಹಿಂದಿನ ಸೀಟು ಎತ್ತರ, ಒಂದೇ ಹಾಸು, ಗಾದಿ ಹಾಕಿದರೆ ಅರ್ಧ ಮಲಗಿಕೊಂಡೇ ಹೋಗಬಹುದು. ಅದರ ಮುಂದಿನ ಶಾಕಪ್, ಅಂದರೆ ಗಾಲಿಯ ಕುಲುಕಾಟ ತಡೆಯುವ ಕೊಳವೆಗಳನ್ನು, ಹಿಂದಿನ ವರ್ಷವಷ್ಟೇ ಹೊಸವು ಹಾಕಿಸಿದ್ದೆವು. ಹಿಂದಿನ ಎರಡು ಮಾತ್ರ ಎಣ್ಣೆ ಸೋರಿ ಸತ್ತಿದ್ದವು. ಹಿಂದಿನ ಎರಡಕ್ಕೆ ಒಳ್ಳೆಯ ಶಾಕಪ್ ಹಾಕಿಸಿದರೆ ನಮ್ಮವರನ್ನು ಹೂವಿನ ಹಾಗೆ ಒಯ್ದು ಹೂವಿನ ಹಾಗೆ ತರಬಹುದು ಎಂದು ಲೆಕ್ಕ ಹಾಕಿದೆ. ಆ ಕೆಲಸಕ್ಕೆ ಜಲಾಲುದ್ದೀನನ ಹೊರತು ಬೇರೆ ಯಾರ ಹೆಸರೂ ನನ್ನ ತಲೆಗೆ ಬರಲಿಲ್ಲ.

ಜಲಾಲುದ್ದೀನ ಮೂಲತಃ ನಮ್ಮ ಗುಡೂರಿನವನೇ. ಅವನ ತಂದೆ ದಸ್ತಗೀರಸಾಬ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಬಿಗಿಯುತ್ತಿದ್ದ. ಚಕ್ಕಡಿ ಕಡಿಮೆಯಾಗಿ ಕಲ್ಲು ಹೊರುವ ಲಾರಿಗಳು ಹೆಚ್ಚಾದಾಗ ಇಳಕಲ್ಲಿಗೆ ಹೋಗಿ, ಹೆದ್ದಾರಿಯ ಪಕ್ಕ ತಗಡಿನ ಶೆಡ್ ಹಾಕಿ, ಲಾರಿಯ ಪಟ್ಟಿ ಸ್ಪ್ರಿಂಗ್ ಬಡಿಯತೊಡಗಿದ. ಜಲಾಲುದ್ದೀನ ಏಳನೆಯ ಇಯತ್ತೆಯವರೆಗೆ ನಮ್ಮವರ ಪಕ್ಕದಲ್ಲಿ ಕೂತು ಕಲಿತು, ಆಮೇಲೆ ಅಪ್ಪನ ಭಟ್ಟಿಯ ಮುಂದೆ ಕೂತ. ಇಂಜಿನ್ ಮುಟ್ಟುವವನಲ್ಲ. ಗಾಲಿಗೂ ಬಾಡಿಗೂ ನಡುವೆ ಏನಿದೆಯೋ ಅಷ್ಟೇ ತನ್ನದು, ಉಳಿದದ್ದು ಬೇರೆಯವರ ಹೊಟ್ಟೆಪಾಡು ಎನ್ನುತ್ತಿದ್ದ. ಶೆಡ್ಡಿಗೆ ಬೋರ್ಡ್ ಇರಲಿಲ್ಲ. ಬದಾಮಿಯಿಂದ, ಬಾಗಲಕೋಟೆಯಿಂದ, ಹುನಗುಂದದಿಂದ ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡ ಹುಚ್ಚರೆಲ್ಲ ಕೇಳಿಕೊಂಡು ಬರುತ್ತಿದ್ದರು.

ನನ್ನನ್ನು ಗೆಳೆಯನ ಹೆಂಡತಿಯೆಂದು ವೈನಿ ಎನ್ನುತ್ತಿದ್ದ. ನಾನು ಯಾರ ಮೇಲಾದರೂ ಹರಿಹಾಯುವುದನ್ನು ಕಂಡರೆ, ಈ ವೈನಿ ಬಾಯಿಗೂ ಒಂದು ಶಾಕಪ್ ಹಚ್ಚಬೇಕು ಎಂದು ನಗುತ್ತಿದ್ದ. ಸ್ಪ್ರಿಂಗೇ ಇರುವಾಗ ಈ ಶಾಕಪ್ ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದೆ. ಸ್ಪ್ರಿಂಗ್ ಭಾರ ಹೊರುತ್ತದೆ, ಆದರೆ ಒಮ್ಮೆ ಕುಣಿಯಲು ಶುರು ಮಾಡಿದರೆ ಅದಕ್ಕೆ ನಿಲ್ಲುವುದು ತಿಳಿಯದು. ಶಾಕಪ್ ಅದರ ಭುಜ ಹಿಡಿದು ಕೂರಿಸುತ್ತದೆ ಎಂದು ಹೇಳಿದ್ದ.

ಒಳ್ಳೆಯ ಶಾಕಪ್ ಆರಿಸುವುದು ಅವನಿಗೆ ನಮಾಜಿನಷ್ಟೇ ನೇಮದ ಕೆಲಸ. ಮೊದಲು ರಾಡನ್ನು ಬಿಳಿ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ಗೆರೆ ಇದೆಯೇ ನೋಡುತ್ತಿದ್ದ. ಸೀಲಿನ ಅಂಚಿಗೆ ಉಗುರು ಒತ್ತುತ್ತಿದ್ದ. ರಬ್ಬರ್ ಬುಷ್ ಮೂಸಿ ನೋಡುತ್ತಿದ್ದ. ಆಮೇಲೆ ಎರಡು ದಿನ ನೆಟ್ಟಗೆ ನಿಲ್ಲಿಸಿಡುತ್ತಿದ್ದ. ಮಲಗಿಸಿಟ್ಟ ಶಾಕಪ್ಪಿನಲ್ಲಿ ಗಾಳಿ ಸೇರಿಕೊಂಡಿರುತ್ತದಂತೆ. ಎಲ್ಲ ಮುಗಿದ ಮೇಲೆ ಕೈ ಪರೀಕ್ಷೆ. ಎರಡನ್ನೂ ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಪಾದದಿಂದ ಕೆಳಗಿನ ತುದಿ ಒತ್ತಿ ಹಿಡಿದು, ಎಡಗೈಯಲ್ಲಿ ಒಂದು ಬಲಗೈಯಲ್ಲಿ ಒಂದು, ಒಂಬತ್ತು ಸಲ ಎಳೆದು ಒತ್ತುತ್ತಿದ್ದ. ಎರಡೂ ಒಂದೇ ಬಿಗಿಯಲ್ಲಿ ಬರಬೇಕು, ಒಂದೇ ಬಿಗಿಯಲ್ಲಿ ಹೋಗಬೇಕು. ಅಲ್ಲಿಗೂ ಬಿಡುತ್ತಿರಲಿಲ್ಲ. ಎಡಗೈಯಲ್ಲಿದ್ದದ್ದನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಬದಲಿಸಿ ಮತ್ತೆ ಒಂಬತ್ತು ಸಲ. ಅದು ದಸ್ತಗೀರಸಾಬ ಹಾಕಿಕೊಟ್ಟ ಪದ್ಧತಿ.

"ಮನಷ್ಯಾನ ಎರಡೂ ಕೈ ಒಂದೇ ಸಮ ಇರೂದಿಲ್ರಿ ವೈನಿ," ಎಂದು ಅವನು ನನಗೆ ಬಿಡಿಸಿ ಹೇಳಿದ್ದ. "ಬದಲಿ ಮಾಡಿದಾಗ ಸಡಿಲ ಅದೇ ಕೈಯ್ಯಾಗ ಉಳೀತಂದ್ರ, ಅದು ಕೈ ತಪ್ಪು. ಸಡಿಲ ಶಾಕಪ್ಪಿನ ಕೂಡ ಇನ್ನೊಂದ ಕೈಗೆ ಹೋತಂದ್ರ, ಅದು ಶಾಕಪ್ಪಿನ ತಪ್ಪು. ನನ್ನ ಕೈಯ್ಯನ್ನೂ ನಾ ನಂಬೂದಿಲ್ಲ."

ಇಷ್ಟು ನೇಮದ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದ, ಚಹಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದ, ಆಮೇಲೆ ಮಂದಿಯ ಮದುವೆಯಲ್ಲಿ ಕೂತು ಜಿಲೇಬಿ ತಿನ್ನುತ್ತಿದ್ದ. ಮೊದಲು ಕಾಲಿನಿಂದ ಶುರುವಾಯಿತು. ಒಂದು ಸಲ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹೋಟೆಲಿನ ತನಕ ನಡೆದು ಬಂದಿದ್ದ. ಇನ್ನೊಂದು ಶೆಡ್ಡಿನಲ್ಲೇ ಬಿದ್ದಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಎಲ್ಲರೂ ನಕ್ಕರು. ಅವನೂ ನಕ್ಕ. ನನಗೆ ಮಾತ್ರ ಆ ನಗು ಹಿಡಿಸಲಿಲ್ಲ.

ಶಾಕಪ್ಪಿನ ಮಾತಿಗೆಂದು ನಾನು ಇಳಕಲ್ಲಿಗೆ ಹೋದ ದಿನ ಅವನು ಚಹ ತರಿಸಿದ. ಸ್ಟೀಲಿನ ಲೋಟ, ಆಗತಾನೆ ಕುದಿಸಿ ಸುರಿದದ್ದು. ನಾನು ಸೆರಗಿನಲ್ಲಿ ಹಿಡಿದರೂ ಬೆರಳು ಚುರ್ ಎಂದಿತು, ಕೆಳಗಿಟ್ಟೆ. ಅವನು ಬಲಗೈಯಲ್ಲಿ ಲೋಟವನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡು, ನಮ್ಮವರ ಬೆನ್ನಿನ ವಿಷಯ ಕೇಳುತ್ತಾ ಕೂತೇ ಇದ್ದ. ಮಾತು ಮುಗಿಸಿ ಲೋಟ ಕೆಳಗಿಟ್ಟಾಗ ಅವನ ಅಂಗೈ ಕೆಂಪಗೆ ಸುಟ್ಟಿತ್ತು. ಅವನು ನೋಡಿಕೊಂಡ, ನಾನು ನೋಡಿದೆ ಎಂಬುದನ್ನೂ ನೋಡಿದ, ಕೈಯನ್ನು ತೊಡೆಯ ಕೆಳಗೆ ಸೇರಿಸಿದ.

ಶೆಡ್ಡಿನ ಹಿಂದೆಯೇ ಅವನ ಮನೆ. ಹೆಂಡತಿ ಮಕ್ತುಮಬಿ ನನ್ನನ್ನು ಒಳಗೆ ಕರೆದಳು. ರೊಟ್ಟಿ ತಟ್ಟುತ್ತಿದ್ದವಳು ಕೈ ತೊಳೆದುಕೊಂಡು ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಪಕ್ಕ ಕೂತಳು. ಎರಡು ತಿಂಗಳಿಂದ ಗಂಡನ ಬಲಗೈ ಬೆರಳುಗಳಿಗೆ ಸ್ಪರ್ಶವೇ ಇಲ್ಲ ಎಂದಳು. ಅಂಗಿಯ ಗುಂಡಿ ತಾನೇ ಹಾಕುತ್ತಾಳಂತೆ. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಕೊಡುತ್ತಾಳಂತೆ. ನೀ ಯಾಕೆ ಸುಮ್ಮನಿದ್ದೀ, ದವಾಖಾನೆಗೆ ಎಳೆದುಕೊಂಡು ಹೋಗಬಾರದೇ ಎಂದು ನಾನು ದನಿ ಏರಿಸಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವರಿಗೆ ಎಲ್ಲಾ ಗೊತ್ತೈತಿ ಅಕ್ಕಾ. ಆದ್ರ ಯಾರೂ ಬಾಯಿಬಿಟ್ಟ ಅಂದಿಲ್ಲ. ಮಂದಿ ಮುಂದ ಯಾರರ ಅಂದ್ರಂದ್ರ, ಅವತ್ತಿಗೆ ಅವರ ಕೆಲಸ ಮುಗೀತು. ಕೆಲಸ ಮುಗಿದ್ರ ಅವರು ಉಳಿಯೂದಿಲ್ಲ. ನಿಮ್ಮ ಬಾಯಿ ನನಗ ಗೊತ್ತೈತಿ, ಅದಕ್ಕ ಕೈ ಮುಗೀತೇನಿ, ನೀವು ಅನ್ನಬ್ಯಾಡ್ರಿ."

ನಾನು ಹೂಂ ಎಂದೆ. ಮೊದಲ ಸಲ ಯಾರೋ ನನ್ನನ್ನು ಬಾಯಿ ಮುಚ್ಚಿಕೊಂಡಿರು ಎಂದು ಬೇಡಿಕೊಂಡಿದ್ದರು, ನಾನು ಒಪ್ಪಿಕೊಂಡಿದ್ದೆ. ಒಳ್ಳೆಯವಳಾದೆ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಎಂಥ ದಡ್ಡಿ ನಾನು.

ಜಲಾಲುದ್ದೀನನ ಅಣ್ಣನ ಮಗ ಫೈಜಾನನಿಗೆ ಇಳಕಲ್ ಪೇಟೆಯಲ್ಲಿ ಬಿಡಿಭಾಗಗಳ ಅಂಗಡಿ ಇದೆ. ಐವತ್ತು ವರ್ಷದ ಹಳೆಯ ಕಾರಿಗೆ ಶಾಕಪ್ ಹುಡುಕುವುದು ಅವನ ಪಾಲಿಗೆ ಬಂತು. ಮೊದಲು ಗ್ಯಾಸ್ ತುಂಬಿದ ಜೋಡಿ ತಂದ. ಫಳಫಳ ಹೊಳೆಯುತ್ತಿದ್ದವು. ಜಲಾಲುದ್ದೀನ ಒಂದು ಸಲ ಒತ್ತಿ ನೋಡಿ ಬೇಡ ಎಂದ. ಇವು ಭಾರದ ಗಾಡಿಗೆ ಸರಿ, ಈ ಹಗುರ ಕಾರಿಗೆ ಹಾಕಿದರೆ ರಸ್ತೆಯ ಒಂದೊಂದು ಹರಳನ್ನೂ ಒಯ್ದು ಕಾಳಪ್ಪನ ಬೆನ್ನಿಗೆ ಮುಟ್ಟಿಸುತ್ತವೆ ಎಂದ. ಎರಡನೆಯ ಜೋಡಿ ಕಪ್ಪು ಬಣ್ಣದ್ದು. ಅದಕ್ಕೆ ಎಡಗೈ ಉಗುರು ಹಾಕಿ ಕೆರೆದ. ಬಣ್ಣದ ಕೆಳಗೆ ಹೊಸ ವೆಲ್ಡಿಂಗ್ ಕಂಡಿತು. ಹಳೆಯದಕ್ಕೆ ತೂತು ಹಾಕಿ, ದಪ್ಪ ಎಣ್ಣೆ ತುಂಬಿ, ಮುಚ್ಚಿ ಬಣ್ಣ ಬಳಿದದ್ದು. ನನ್ನ ಗೆಳೆಯನ ಬೆನ್ನಿಗೆ ಇದನ್ನು ತಂದೆಯಾ ಎಂದು ಫೈಜಾನನಿಗೆ ಉಗಿದ. ಆ ಹುಡುಗನಿಗೆ ಮೂವತ್ತೈದು ವರ್ಷ, ಎರಡು ಮಕ್ಕಳ ತಂದೆ, ತಲೆ ತಗ್ಗಿಸಿ ನಿಂತ. ಇನ್ನೂ ಇವನ ಕಣ್ಣು, ಮೂಗು, ತಲೆ ಚುರುಕಾಗಿವೆ ಎಂದು ನನಗೆ ಧೈರ್ಯ ಬಂತು.

ಮೂರನೆಯ ಜೋಡಿ ಗದಗಿನ ಕಡೆಯ ಯಾವುದೋ ಮುಚ್ಚಿದ ಅಂಗಡಿಯಿಂದ ಬಂತು. ಹಳೆಯ ಸ್ಟಾಕು, ಒಮ್ಮೆಯೂ ಬಿಚ್ಚದ ಡಬ್ಬಿ, ರಟ್ಟು ಹಳದಿಯಾಗಿತ್ತು. ಒಳಗಿನ ಮಾಲು ನೋಡಿ ಜಲಾಲುದ್ದೀನನ ಮುಖ ಅರಳಿತು. ರಾಡು ಕನ್ನಡಿಯಂತಿತ್ತು, ವೆಲ್ಡಿಂಗ್ ನೂಲಿನಂತೆ ಸಮವಾಗಿತ್ತು. ಇಂಥ ಕಬ್ಬಿಣ ಈಗ ಯಾರೂ ಹಾಕುವುದಿಲ್ಲ ಎಂದು ಎತ್ತಿ ಎತ್ತಿ ತೋರಿಸಿದ. ವರ್ಷಗಟ್ಟಲೆ ಮಲಗಿದ್ದವು ಎಂದು ಹೇಳಿ, ಮೂಲೆಯಲ್ಲಿ ಎರಡು ದಿನ ನೆಟ್ಟಗೆ ನಿಲ್ಲಿಸಿದ. ಅಷ್ಟರೊಳಗೆ ಶೆಡ್ಡಿನಲ್ಲಿ ಬಿಟ್ಟಿದ್ದ ನಮ್ಮ ಕಾರಿನ ಹಿಂದಿನ ಪಟ್ಟಿ ಸ್ಪ್ರಿಂಗನ್ನೂ ಬಿಚ್ಚಿ, ಬಡಿದು, ಬಿಗಿಯಾಗಿ ಕಟ್ಟಿದ. ಸೋಮವಾರ ನಮ್ಮವರನ್ನು ನವನಗರಕ್ಕೆ ಒಯ್ಯಬೇಕಿತ್ತು. ಶನಿವಾರ ಮಧ್ಯಾಹ್ನ ನಾನು ಕಾರು ತರಲು ಹೋದೆ.

ಅವತ್ತು ಶೆಡ್ಡಿನಲ್ಲಿ ಫೈಜಾನ ಇದ್ದ. ಇಬ್ಬರು ಲಾರಿ ಡ್ರೈವರುಗಳು ತಮ್ಮ ಪಾಳಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ನೋಡುತ್ತಿರುವಂತೆ ಜಲಾಲುದ್ದೀನ ಎರಡು ಶಾಕಪ್ಪನ್ನೂ ದಿಮ್ಮಿಯ ಮೇಲೆ ಇಟ್ಟು ಪಾದ ಒತ್ತಿ ನಿಂತ. ಎಳೆದ, ಒತ್ತಿದ. ಒಂದು, ಎರಡು, ಮೂರು. ನಾನು ಅವನ ಕೈ ನೋಡಲಿಲ್ಲ, ಮುಖ ನೋಡಿದೆ. ಐದನೆಯದಕ್ಕೆ ಅವನ ಹುಬ್ಬು ಕೂಡಿತು. ಏಳನೆಯದಕ್ಕೆ ಬಲಗೈಯ ಕಡೆ ಕಣ್ಣು ಹೋಯಿತು. ಒಂಬತ್ತು ಮುಗಿದ ಮೇಲೆ ಸುಮ್ಮನೆ ನಿಂತ. ಹೊರಗೆ ಹೆದ್ದಾರಿಯಲ್ಲಿ ಕಲ್ಲು ಹೇರಿದ ಲಾರಿಯೊಂದು ಹೋಯಿತು, ತಗಡು ನಡುಗಿತು. ಈಗ ಬದಲಿಸುತ್ತಾನೆ ಎಂದುಕೊಂಡೆ.

ಅವನು ಬದಲಿಸಲಿಲ್ಲ. ಎರಡನ್ನೂ ಒಟ್ಟಿಗೆ ಎತ್ತಿ ಬಗಲಿಗೆ ಇಟ್ಟುಕೊಂಡು, ಮಾಲು ಚಲೋ ಐತಿ ಎಂದು ಹೇಳಿ ಕಾರಿನ ಕಡೆ ಹೋದ.

ನಾಲಿಗೆಯ ತುದಿಯಲ್ಲಿ ಮಾತು ಬಂದು ನಿಂತಿತ್ತು: ಜಲಾಲಣ್ಣ, ಕೈ ಬದಲಿ ಮಾಡಲಿಲ್ಲಲ್ಲ. ಎಷ್ಟು ಸಣ್ಣ ಮಾತು. ಬೇರೆ ದಿನವಾಗಿದ್ದರೆ ಅವನು ಕೇಳುವ ಮೊದಲೇ ಅಂದಿರುತ್ತಿದ್ದೆ. ಆದರೆ ಆ ಇಬ್ಬರು ಡ್ರೈವರುಗಳು ಕೂತಿದ್ದರು, ಫೈಜಾನ ನಿಂತಿದ್ದ, ಹಿಂದಿನ ಬಾಗಿಲಲ್ಲಿ ಮಕ್ತುಮಬಿಯ ಸೆರಗು ಕಾಣುತ್ತಿತ್ತು. ಇಷ್ಟು ಮಂದಿಯ ಮುಂದೆ ಕೈ ಬದಲಿಸು ಎಂದರೆ, ನಿನ್ನ ಬಲಗೈ ಸತ್ತಿದೆ ಎಂದು ಡಂಗುರ ಹೊಡೆದ ಹಾಗೆ. ಅವನು ಕಾರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುವ ಅರ್ಧ ಗಂಟೆ ನಾನು ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದೆ. ಕೊನೆಗೆ ಅವನು ಎದ್ದು ಬಂದು ಕಾರಿನ ಹಿಂದಿನ ಮೂಲೆಗಳನ್ನು ಮೈಭಾರ ಹಾಕಿ ಒತ್ತಿ ಬಿಟ್ಟ. ಹೊಸದಾಗಿ ಕಟ್ಟಿದ ಪಟ್ಟಿ ಬಿಗಿಯಾಗಿತ್ತು. ಎರಡೂ ಕಡೆ ಕೆಳಗೆ ಹೋಗಿ, ಮೇಲೆ ಬಂದು, ನಿಂತಿತು. ನೋಡು, ಸುಮ್ಮನೆ ಹೆದರಿದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಕಾಳಪ್ಪಗ ಹೇಳ್ರಿ," ಎಂದ ಜಲಾಲುದ್ದೀನ. "ನಾ ಖುದ್ದ ಆರಿಸಿ ಹಾಕೇನಿ ಅಂತ." ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಹಿಂದಿನ ಸೀಟಿಗೆ ಗಾದಿ ಹಾಸಿ, ಬಲಗಡೆಯ ಬಾಗಿಲಿಗೆ ದಿಂಬು ಒಟ್ಟಿ, ನಮ್ಮವರನ್ನು ಅದಕ್ಕೆ ಆನಿಸಿ, ಕಾಲನ್ನು ಸೀಟಿನ ಉದ್ದಕ್ಕೆ ಚಾಚಿಸಿದೆ. ಬಹಳ ದಿನಗಳ ಮೇಲೆ ಅವರು ನಗುತ್ತಿದ್ದರು. ಅಪ್ಪ ಇಲ್ಲಿ ಕುರಿ ಮಲಗಿಸುತ್ತಿದ್ದ, ಈಗ ನನ್ನ ಪಾಳಿ ಎಂದರು. ನನ್ನ ಗೆಳೆಯನ ಕೈ ತಾಗಿದ ಮೇಲೆ ಈ ಗಾಡಿ ಪಲ್ಲಕ್ಕಿಯೇ ಸೈ ಎಂದರು.

ಊರು ದಾಟಿ ಎರಡು ಕಿಲೋಮೀಟರ್ ಹೋಗಿರಲಿಲ್ಲ, ಒಂದು ಸಣ್ಣ ಸೇತುವೆಯ ಏರು ಬಂತು. ಗಿರಣಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು, ಬೆಲ್ಟು ಒಂದು ನೂಲು ಸರಿದರೂ ಅಂಗಾಲಿಗೆ ತಿಳಿಯುತ್ತದೆ. ಇಳಿಯುವಾಗ ಕಾರಿನ ಹಿಂಭಾಗದ ಎಡಬದಿ ಕೂತಿತು. ಬಲಬದಿ ಕೂರಲಿಲ್ಲ. ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಶನಿವಾರ ಖಾಲಿ ಗಾಡಿ ತರುವಾಗ ಗೊತ್ತಾಗಿರಲಿಲ್ಲ, ಈಗ ಹಿಂದೆ ಭಾರ ಬಿದ್ದ ಮೇಲೆ ಪಟ್ಟಿ ಸ್ಪ್ರಿಂಗ್ ಕುಣಿಯತೊಡಗಿತ್ತು, ಅದರ ಭುಜ ಹಿಡಿಯುವವರು ಯಾರೂ ಇರಲಿಲ್ಲ. ಏನಾತು ಎಂದು ನಮ್ಮವರು ಕೇಳಿದರು. ಏನಿಲ್ಲ, ರಸ್ತೆ ಕೆಟ್ಟಿದೆ ಎಂದೆ.

ಅಲ್ಲಿಂದಲೇ ತಿರುಗಿಸಬೇಕಿತ್ತು. ಯಾಕೆ ತಿರುಗಿಸಲಿಲ್ಲ ಎಂದು ಈಗ ನೂರು ಸಲ ಕೇಳಿಕೊಂಡಿದ್ದೇನೆ. ತಿರುಗಿಸಿದರೆ ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ, ಹೇಳಿದರೆ ಶನಿವಾರವೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ನಿಧಾನ ಹೋದರಾಯಿತು ಎಂದುಕೊಂಡೆ. ಅಮೀನಗಡ ದಾಟಿತು, ಕಮತಗಿ ದಾಟಿತು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕುತ್ತಿದ್ದರು. ಪ್ರತಿ ಗುಂಡಿಗೂ ಹಿಂದಿನಿಂದ ಅವರ ಉಸಿರು ಕೇಳುತ್ತಿತ್ತು, ನಾನು ದೇವರನ್ನು ಕರೆಯುತ್ತಿದ್ದೆ.

ಕಮತಗಿ ದಾಟಿ ಸ್ವಲ್ಪ ದೂರದಲ್ಲಿ, ಮರಗಳ ನೆರಳಲ್ಲಿ, ಯಾರೋ ಹೊಸದಾಗಿ ಹಂಪ್ ಹಾಕಿದ್ದರು. ಬಿಳಿ ಬಣ್ಣ ಬಳಿದಿರಲಿಲ್ಲ. ಕಂಡಾಗ ಹತ್ತು ಮಾರು ಇತ್ತು. ಬ್ರೇಕ್ ಒತ್ತಿದೆ. ಮುಂದಿನ ಗಾಲಿ ಏರಿ ಮೆಲ್ಲಗೆ ಇಳಿಯಿತು. ಹಿಂದಿನದು ಏರಿತು, ಎಡ ಕೂತಿತು, ಬಲ ಬಿದ್ದು ಎಗರಿತು. ಅದು ಎರಡನೆಯ ಸಲ ಇಳಿಯುವ ಹೊತ್ತಿಗೆ ಸರಿಯಾಗಿ, ನೀರಿನ ಪೈಪಿಗೆಂದು ರಸ್ತೆಯನ್ನು ಅಡ್ಡ ಕೊರೆದು ಬಿಟ್ಟಿದ್ದ ಗುಂಡಿ ಬಂತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ನನ್ನ ಹಲ್ಲಿನ ತನಕ ಬಂತು.

ನಮ್ಮವರು ಕೂಗಲಿಲ್ಲ. ಗಾಡಿ ನಿಂತ ಮೇಲೂ ಏನೂ ಸದ್ದಿಲ್ಲ. ತಿರುಗಿ ನೋಡಿದರೆ ಕಣ್ಣು ತೆರೆದೇ ಇದ್ದರು.

"ಮಾದೇವಿ," ಎಂದರು. "ನನ್ನ ಕಾಲ ಸೀಟಿನಿಂದ ಕೆಳಗ ಬಿದ್ದಾವೇನು ನೋಡು. ಎತ್ತಿ ಮ್ಯಾಲ ಇಡು."

ಕಾಲು ಎರಡೂ ಸೀಟಿನ ಮೇಲೆಯೇ ಇದ್ದವು.

ನವನಗರದಲ್ಲಿ ಮತ್ತೊಂದು ಆಪರೇಷನ್ ಮಾಡಿದರು. ಸ್ಕ್ರೂ ಕಿತ್ತು ಬಂದಿತ್ತಂತೆ, ಒಳಗೆ ನರಕ್ಕೆ ಪೆಟ್ಟಾಗಿತ್ತಂತೆ. ಇನ್ನು ನಡೆಯುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದರು, ನಮ್ಮವರಿಗೆ ನಾನು ಹೇಳಿದೆ. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಹಂಪನ್ನು ಬೈದರು. ಬಣ್ಣ ಬಳಿಯದೆ ಹಂಪ್ ಹಾಕಿದವರ ಕೈ ಸೇದಿಹೋಗಲಿ ಎಂದರು. ನಾನೂ ಅವರ ಜೊತೆ ಸೇರಿ ಹಂಪನ್ನು ಬೈದೆ, ಎಲ್ಲರಿಗಿಂತ ಜೋರಾಗಿ ಬೈದೆ. ಎರಡು ವಾರದಲ್ಲಿ ಅದಕ್ಕೆ ಬಿಳಿ ಪಟ್ಟೆ ಬಂತು.

ಕಾರನ್ನು ಯಾರೋ ಎಳೆದುಕೊಂಡು ಹೋಗಿ ಇಳಕಲ್ಲಿನ ಶೆಡ್ಡಿಗೆ ಬಿಟ್ಟಿದ್ದರು. ಮರುದಿನದಿಂದ ಜಲಾಲುದ್ದೀನ ಶೆಡ್ಡು ತೆರೆಯಲಿಲ್ಲ ಎಂಬ ಸುದ್ದಿ ಬಂತು. ಸಕ್ಕರೆ ಏರಿದೆ, ಪಾಪ, ಎಂದರು.

ನಮ್ಮವರನ್ನು ಮನೆಗೆ ತಂದು ತಿಂಗಳಾಗಿತ್ತು. ಮಧ್ಯಾಹ್ನದ ಹೊತ್ತು ಅವರು ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ನಿದ್ದೆಯಲ್ಲಿದ್ದರು, ಅಥವಾ ಹಾಗೆಂದು ನಾನು ತಿಳಿದಿದ್ದೆ. ಜಲಾಲುದ್ದೀನ ಬಸ್ಸಿಳಿದು ಒಬ್ಬನೇ ನಡೆದು ಬಂದ. ಬಲಗೈಗೆ ಬಟ್ಟೆ ಸುತ್ತಿತ್ತು. ಅರ್ಧ ಆಳಾಗಿದ್ದ. ನೀರು ಕೊಟ್ಟೆ, ಮುಟ್ಟಲಿಲ್ಲ. ಪಡಸಾಲೆಯಲ್ಲಿ ಕಂಬಕ್ಕೆ ಆನಿಕೊಂಡು ಕೂತು ನೆಲ ನೋಡುತ್ತಾ ಮಾತಾಡಿದ. ಕಾರು ಬಂದ ದಿನವೇ ಹಿಂದಿನ ಎರಡೂ ಶಾಕಪ್ ಬಿಚ್ಚಿದ್ದನಂತೆ. ಶೆಡ್ಡಿನ ಬಾಗಿಲು ಹಾಕಿಕೊಂಡು, ಯಾರೂ ಇಲ್ಲದಾಗ, ಕೈ ಬದಲಿಸಿ ನೋಡಿದ್ದನಂತೆ. ಸಡಿಲ ಬಲಗೈಯಲ್ಲಿ ಉಳಿಯಲಿಲ್ಲವಂತೆ. ಶಾಕಪ್ಪಿನ ಜೊತೆ ಎಡಗೈಗೆ ಹೋಯಿತಂತೆ. ಹೊರಗೆ ಕನ್ನಡಿಯಂತಿದ್ದದ್ದು ಒಳಗೆ ಸತ್ತಿತ್ತು.

"ಅವತ್ತು ಸಡಿಲ ಅನ್ನೂದು ತಿಳದಿತ್ರಿ ವೈನಿ," ಎಂದ. "ಆದ್ರ ಈ ಕೈಗೆ ದಿನಾ ಎಲ್ಲಾನೂ ಸಡಿಲಾಗೇ ತಿಳೀತೈತಿ. ಇದೂ ಕೈ ತಪ್ಪೇ ಅಂದುಕೊಂಡ್ನಿ. ಬದಲಿ ಮಾಡಿದ್ರ ಖರೆ ಯಾವುದು ಅಂತ ಹೊರಗ ಬೀಳ್ತಿತ್ತು. ಅಷ್ಟು ಮಂದಿ ಮುಂದ ನನಗ ಮಾಡಾಕ ಆಗಲಿಲ್ಲ. ಕಾಳಪ್ಪನ ಬೆನ್ನಿಗಿಂತ ನನಗ ನನ್ನ ಮಾನ ಹೆಚ್ಚಾತು."

ಸುಮ್ಮನಿದ್ದುಬಿಡಬಹುದಿತ್ತು. ಅವನ ತಪ್ಪು ಅವನು ಒಪ್ಪಿಕೊಂಡಿದ್ದ, ನನ್ನದು ಯಾರಿಗೂ ಗೊತ್ತಿರಲಿಲ್ಲ. ಆದರೆ ಮನುಷ್ಯ ಹೀಗೆ ಎದುರಿಗೆ ಕುಸಿದು ಕೂತಿರುವಾಗ ಆ ಗಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನಿಗೆ ಸಮಾಧಾನ ಹೇಳಲು ನನ್ನಿಂದ ಆಗಲಿಲ್ಲ.

"ನನಗ ಗೊತ್ತೈತಿ ಜಲಾಲಣ್ಣ," ಎಂದೆ. "ನೀ ಬದಲಿ ಮಾಡದ್ದು ನಾ ನೋಡೀನಿ. ಸೋಮವಾರ ಸೇತುವೆ ಮ್ಯಾಲ ಗಾಡಿ ಕುಣದಾಗೂ ಗೊತ್ತಾತು."

ಅವನು ತಲೆಯೆತ್ತಿದ. ಅವನ ಮುಖದಲ್ಲಿ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

"ಮತ್ತ ಯಾಕ ಅನ್ನಲಿಲ್ರಿ?" ಎಂದು ಕೇಳಿದ. "ನೀವು ಎಲ್ಲಾರಿಗೂ ಅಂತೀರಲ್ರಿ."

ಅವನ ಮಾನ ಕಾಯಲೆಂದು ಸುಮ್ಮನಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಇಬ್ಬರೂ ಅತ್ತ ತಿರುಗಿದೆವು. ನಮ್ಮವರು ಎರಡೂ ಮೊಣಕೈ ಊರಿ ತಲೆಯನ್ನು ಬಾಗಿಲ ಕಡೆ ಹೊರಳಿಸಿದ್ದರು. ಎಷ್ಟು ಹೊತ್ತಿನಿಂದ ಎಚ್ಚರವಿದ್ದರೋ ತಿಳಿಯದು.

"ಅಂದ್ರ," ಎಂದರು, "ನನಗೊಬ್ಬಗ ಗೊತ್ತಿರಲಿಲ್ಲ."

ಜಲಾಲುದ್ದೀನ ಎದ್ದು ಕೋಣೆಯ ಕಡೆ ಒಂದು ಹೆಜ್ಜೆ ಇಟ್ಟ. ನಮ್ಮವರು ಅವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲು ಹಾಕು ಎಂದಷ್ಟೇ ಹೇಳಿದರು. ನಾನು ಹೋಗಿ ಬಾಗಿಲು ಹಾಕಿದೆ. ಹಾಕುವಾಗ ನಾನು ಹೊಸ್ತಿಲಿನ ಹೊರಗೇ ನಿಂತಿದ್ದೆ.